ಜಡೆ ಶೆರ್ಲಿ

ಶೆರ್ಲಿ ಜಡೆ ಹೆಣೆಯುವಾಗ ಜಡೆ ನೋಡುತ್ತಿರಲಿಲ್ಲ. ಕಣ್ಣು ರಸ್ತೆ ಮೇಲೆ, ಬಾಯಿ ನನ್ನ ಜೊತೆ, ಬೆರಳು ಮಾತ್ರ ತಲೆ ಮೇಲೆ. ಸೊಪ್ಪಿನವಳು ಬಂದರೆ ಕೂಗಿ ನಿಲ್ಲಿಸಿ ದಂಟು ಬಾಡಿದೆ ಅಂತ ಜಗಳ ತೆಗೆಯುವಳು. ಜಗಳ ಮುಗಿಯುವಷ್ಟರಲ್ಲಿ ಕುರ್ಚಿಯಲ್ಲಿ ಕೂತ ಹುಡುಗಿಗೆ ಹಣೆಯಿಂದ ಕತ್ತಿನವರೆಗೆ ಇನ್ನೊಂದು ಸಾಲು ಮುಗಿದಿರುತ್ತಿತ್ತು. ಹೊಲ ಉತ್ತ ಹಾಗೆ ಸಾಲು ಸಾಲು, ತಲೆಗೆ ಅಂಟಿಕೊಂಡು. ನಮ್ಮ ಮಾವ ಇದೇ ಕಮ್ಮನಹಳ್ಳಿಯಲ್ಲಿ ರಾಗಿ ಹೊಲ ಉಳುತ್ತಿದ್ದರು. ಅವರ ಸಾಲೂ ಅಷ್ಟು ನೆಟ್ಟಗೆ ಬರುತ್ತಿರಲಿಲ್ಲ.

ನಾನೂ ಜಡೆ ಕೆಲಸದವಳೇ. ಮದುವೆ ಹೆಣ್ಣಿಗೆ, ಸೀಮಂತದ ಹೆಣ್ಣಿಗೆ ಮೊಗ್ಗಿನ ಜಡೆ ಮಾಡುತ್ತೇನೆ. ಇಲ್ಲಿಂದ ಹಲಸೂರಿನ ತನಕ ನಾನು ಜಡೆ ಕಟ್ಟದ ಹಳೇ ಮನೆ ಕಡಿಮೆ. ಇನ್ನೊಬ್ಬರ ಕೈಯನ್ನು ಸುಮ್ಮನೆ ಹೊಗಳುವ ಬುದ್ಧಿ ನನಗಿಲ್ಲ. ಇವಳ ಕೈ ನೋಡಿ ಬಾಯಿ ಮುಚ್ಚಿಕೊಂಡೆ.

ಅವಳ ಊರು ಬಾರ್ಬಡೋಸ್. ಸಮುದ್ರದ ನಡುವೆ ಒಂದು ಚಿಕ್ಕ ದ್ವೀಪವಂತೆ, ಕಬ್ಬು ಬೆಳೆಯುತ್ತಾರಂತೆ. ಗಂಡ ಆಂಥೋನಿ ಇಲ್ಲೇ ಲಿಂಗರಾಜಪುರದವನು, ದೊಡ್ಡ ಹಡಗಿನಲ್ಲಿ ಅಡುಗೆಯವನು. ಹಡಗು ಅವಳೂರಿನಲ್ಲಿ ನಿಲ್ಲುತ್ತಿತ್ತು, ಇವನೂ ನಿಂತ, ಮದುವೆಯಾಯಿತು. ಅವಳನ್ನು ಇಲ್ಲಿಗೆ ಕರೆತಂದು ಮತ್ತೆ ಹಡಗು ಹತ್ತಿದ. ವರ್ಷದಲ್ಲಿ ಮೂರು ತಿಂಗಳು ಮನೆಯಲ್ಲಿದ್ದರೆ ಹೆಚ್ಚು.

ನಮ್ಮ ಮನೆ ಕೆಳಗಿನ ಮಳಿಗೆ ಕೇಳಿ ಫೋನ್ ಮಾಡಿದವನು ಅವನೇ. ಹೆಂಡತಿ ಹೆಸರು ಶೆರ್ಲಿ, ಪಾರ್ಲರ್ ಇಡುತ್ತಾಳೆ ಅಂದ. ನಮ್ಮ ಕಡೆ ತಮಿಳು ಕ್ರಿಶ್ಚಿಯನ್ನರಲ್ಲಿ ಬೀದಿಗೊಬ್ಬಳು ಶೆರ್ಲಿ ಇದ್ದಾಳೆ, ಇವಳೂ ಅಂಥವಳೇ ಅಂದುಕೊಂಡು ಕಳಿಸು ಅಂದೆ. ಬಂದವಳು ಆಫ್ರಿಕಾದವರ ಹಾಗಿರುವುದು ನೋಡಿ, ಮಳಿಗೆ ಖಾಲಿ ಇಲ್ಲ ಅಂದುಬಿಟ್ಟೆ. ಬಾಡಿಗೆಗಿದೆ ಅನ್ನುವ ಬೋರ್ಡು ಅವಳ ತಲೆ ಮೇಲೇ ನೇತಾಡುತ್ತಿತ್ತು. ಅವಳು ತಲೆಯೆತ್ತಿ ಅದನ್ನು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ನನ್ನ ಕೈ ನೋಡಿದಳು. ಒಲೆ ಮೇಲೆ ಹಿಟ್ಟು ಬಿಟ್ಟು ಎದ್ದು ಬಂದಿದ್ದೆ, ಕೈಯಲ್ಲಿ ಮುದ್ದೆ ಕೋಲಿತ್ತು. ಅದನ್ನು ಇಸಕೊಂಡು ಗಾಳಿಯಲ್ಲೇ ತೊಳಸಿ ತೋರಿಸಿದಳು. ಅವಳ ತಾಯಿ ಮನೆಯಲ್ಲೂ ಇಂಥದೇ ಕೋಲಂತೆ. ಜೋಳದ ಹಿಟ್ಟಿಗೆ ಬೆಂಡೆಕಾಯಿ ಹಾಕಿ ತೊಳಸುತ್ತಾರಂತೆ. ಇದನ್ನೆಲ್ಲ ಬಟ್ಲರ್ ಇಂಗ್ಲಿಷು, ಆಂಥೋನಿಯ ತಮಿಳು, ಕೈಸನ್ನೆ ಸೇರಿಸಿ ಹೇಳುವಷ್ಟರಲ್ಲಿ ಒಳಗೆ ನನ್ನ ಮುದ್ದೆ ಸೀದು ಹೋಯಿತು. ಬೋರ್ಡು ಇಳಿಸಿದೆ.

ಮುದ್ದೆಗೆ ಬೆಂಡೆಕಾಯಿ ಹಾಕುವುದು ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ. ಆದರೆ ಸಾಸಿವೆ ಅರಿಶಿನ ಹಾಕಿ ಅವಳು ಮಾಡುತ್ತಿದ್ದ ಹಳದಿ ಖಾರದ ಗೊಜ್ಜು ಬಾಟಲಿಗೆ ಬಾಟಲಿ ಖರ್ಚಾಗುತ್ತಿತ್ತು. ಜಡೆಗೆ ಬಂದವರು ಗೊಜ್ಜು ಒಯ್ಯುವರು, ಗೊಜ್ಜಿಗೆ ಬಂದವರು ಜಡೆ ಹಾಕಿಸಿಕೊಳ್ಳುವರು. ಕಾಂಗೋ, ನೈಜೀರಿಯಾದಿಂದ ಓದಲು ಬಂದ ಹುಡುಗಿಯರು ಭಾನುವಾರ ಮೆಟ್ಟಿಲ ತನಕ ಕೂತಿರುವರು. ಫ್ರೇಜರ್ ಟೌನಿನ ಸಾಬರ ಮನೆ ಹೆಣ್ಣುಮಕ್ಕಳು ಬರತೊಡಗಿದ ಮೇಲೆ, ಯಾರೂ ಹೇಳದೆ ತಾನೇ ಒಂದು ದಪ್ಪ ಪರದೆ ಹೊಲಿದು ಕಟ್ಟಿದಳು. ಗೋಡೆಗೆ ಬಣ್ಣ ಹೊಡೆಯುವವನನ್ನು ಕರೆಯಲಿಲ್ಲ, ತಾನೇ ಸ್ಟೂಲು ಹತ್ತಿ ಸಮುದ್ರ, ಕಬ್ಬಿನ ಗದ್ದೆ, ನಡುವೆ ನನ್ನ ಮುದ್ದೆ ಕೋಲು ಬರೆದಳು. ಕೋಲು ಗದ್ದೆಗಿಂತ ದೊಡ್ಡದಾಗಿತ್ತು.

ಕನ್ನಡ ನಾನೇ ಕಲಿಸಿದ್ದು. ಮೊದಮೊದಲು ನೀವು ನೀವು ಅನ್ನುತ್ತಿದ್ದಳು. ಹಾಗಂದರೆ ಬ್ಯಾಂಕಿಗೆ ಹೋದ ಹಾಗಾಗುತ್ತೆ, ನೀನು ಅನ್ನು ಅಂದೆ. ಕುರ್ಚಿ ತೋರಿಸಿ, ಕೂರು ಅಜ್ಜಿ ಅಂತ ವಾರಕ್ಕೊಮ್ಮೆಯಾದರೂ ಪೀಡಿಸುವಳು. ಇರುವ ನಾಲ್ಕು ಬಿಳಿ ಕೂದಲಿಗೆ ಎಂಥ ಸಿಂಗಾರ ಅಂತ ನಾನು ಕೂರಲಿಲ್ಲ.

ಬೀದಿ ಸುಮ್ಮನಿರಲಿಲ್ಲ. ಎಲ್ಲರಿಗಿಂತ ಹೆಚ್ಚು ಹಾರಾಡಿದವನು ನನ್ನ ಮೈದುನ ಮುನಿರಾಜು. ಮನೆ ಅಣ್ಣ ತಮ್ಮ ಇಬ್ಬರಿಗೂ ಸೇರಿದ್ದು, ಅವನು ಮೇಲಿದ್ದಾನೆ. ನಮ್ಮ ಯಜಮಾನರಿಗೆ ಕಿವಿ ಕೇಳದು, ಆದ್ದರಿಂದ ಅವನ ಕೂಗೆಲ್ಲ ನನ್ನ ಪಾಲಿಗೆ. ಇಂಥವರಿಗೆ ಮಳಿಗೆ ಕೊಟ್ಟರೆ ಗಲಾಟೆಯಾಗುತ್ತೆ, ಪೊಲೀಸು ಬರುತ್ತೆ ಅನ್ನುವನು. ಬೀದಿಯಲ್ಲಿ ಗಲಾಟೆ ಅಂತ ಆಗಿದ್ದು ಅವನು ತನ್ನ ಹುಟ್ಟುಹಬ್ಬಕ್ಕೆ ಹಾಕಿಸಿದ ಮೈಕಿನಿಂದ. ಕೊನೆಗೆ, ತನ್ನ ಮಗಳು ಕಾವ್ಯಾ ಮದುವೆ ಮುಗಿಯಲಿ, ಅವಳನ್ನು ಖಾಲಿ ಮಾಡಿಸೋಣ ಅಂತ ತೀರ್ಮಾನ ಹೇಳಿದ. ಲಗ್ನಪತ್ರಿಕೆಯನ್ನೂ ಅವಳಿಗೆ ಕೊಡಬೇಡಿ, ಬೀಗರು ಏನಂದುಕೊಂಡಾರು ಅಂದ. ನಾನು ಕೊಡಲಿಲ್ಲ. ಮದುವೆ ಮನೆಯಲ್ಲಿ ಜಗಳ ಯಾಕೆ ಅಂದುಕೊಂಡೆ. ಶೆರ್ಲಿ ಬೀದಿಯವರ ಕೈಯಲ್ಲೆಲ್ಲ ಪತ್ರಿಕೆ ನೋಡಿದಳು.

ಕಾವ್ಯಾಗೆ ಮದುವೆಗೆ ಮೊದಲು ಡೆಂಗಿ ಬಂದು ಕೂದಲು ಹಿಡಿಹಿಡಿಯಾಗಿ ಉದುರಿತ್ತು. ಅದು ಗೊತ್ತಿದ್ದೂ ಮದುವೆ ದಿನ ಛತ್ರದಲ್ಲಿ ನಾನು ಯಾವತ್ತಿನ ಹಾಗೇ ಚೌರಿ ಸೇರಿಸಿ, ಪಿನ್ನು ಚುಚ್ಚಿ, ಅದರ ಮೇಲೆ ಮೊಗ್ಗಿನ ಜಡೆ ಬಿಗಿದೆ. ನೀರು ಕುಡಿದ ಮೊಗ್ಗು ಎಷ್ಟು ಭಾರ ಅಂತ ಬೇರೆಯವರಿಗೆ ಪಾಠ ಹೇಳುವವಳು ನಾನು. ಹುಡುಗಿ ಎದ್ದು ನಿಂತಳು, ಜಡೆ ಜಾರಿತು. ಇನ್ನೂ ಬಿಗಿದೆ. ಈ ಸಲ ಪಿನ್ನಿನ ಜೊತೆ ಒಂದು ಎಳೆ ಕೂದಲೂ ಕಿತ್ತು ಬಂತು. ಕಾವ್ಯಾ ಅಳತೊಡಗಿದಳು. ಮುಹೂರ್ತಕ್ಕೆ ಇನ್ನು ಒಂದೂವರೆ ಗಂಟೆ. ಧಾರೆಗೆ ನಿಂತಾಗ ಜಡೆ ಕಳಚಿ ಬಿದ್ದರೆ ಆ ಮಾತು ಹೆಣ್ಣಿನ ಬೆನ್ನು ಬಿಡುವುದಿಲ್ಲ, ಸಾಯುವ ತನಕ ಅಪಶಕುನದವಳು ಅನ್ನುತ್ತಾರೆ.

ಛತ್ರ ನಮ್ಮ ಬೀದಿಯ ಹಿಂದೆಯೇ. ಕರೆಯದ ಮದುವೆಗೆ ಕೆಲಸಕ್ಕೆ ಬಾ ಅಂತ ಶೆರ್ಲಿಗೆ ಫೋನ್ ಮಾಡಿದೆ. ಅಷ್ಟು ಸಾಲದೆ, ಅಡುಗೆಮನೆ ಬಾಗಿಲಿನಿಂದ ಬಂದುಬಿಡು, ಯಾರೂ ನೋಡುವುದಿಲ್ಲ ಅಂದೆ.

ಅವಳು, "ಕಾವ್ಯಾಗೆ ಬರ್ತೀನಿ. ಹಿಂದಿನ ಬಾಗಿಲಿಗೆ ಬರಲ್ಲ ಅಜ್ಜಿ. ಮುಂದೆ ನಿಂತ್ಕೊಂಡು ನೀನೇ ಕರಿ" ಅಂದಳು.

ಮುಂಬಾಗಿಲಿಗೆ ಹೋದೆ. ಬಂದವರಿಗೆ ಪನ್ನೀರು ಚಿಮುಕಿಸಲು ನಿಂತಿದ್ದವಳ ಕೈಯಿಂದ ಪನ್ನೀರುದಾನಿ ಕಿತ್ತುಕೊಂಡು ನಿಂತೆ. ಶೆರ್ಲಿ ಶಿವಾಜಿನಗರದಲ್ಲಿ ಕೊಂಡ ಹಸಿರು ಸೀರೆ ಉಟ್ಟು ಬಂದಳು, ನೆರಿಗೆ ಒಂದು ಮೇಲೆ ಒಂದು ಕೆಳಗೆ. ಬೀದಿಯಲ್ಲಿ ಪತ್ರಿಕೆ ಹಂಚಿದ ದಿನವೇ, ತನ್ನನ್ನೂ ಕರೆಯುತ್ತಾರೆ ಅಂತ ಆ ಸೀರೆಗೆ ಫಾಲ್ಸ್ ಹಚ್ಚಿಸಿ ಇಟ್ಟಿದ್ದಳು ಅಂತ ನನಗೆ ಆಮೇಲೆ ಗೊತ್ತಾಯಿತು. ಪನ್ನೀರು ಚಿಮುಕಿಸಿದೆ, ಕುಂಕುಮ ಇಟ್ಟೆ, ಕಲ್ಲುಸಕ್ಕರೆ ಕೊಟ್ಟೆ. ಬೀಗರ ಪಕ್ಕ ನಿಂತಿದ್ದ ಮುನಿರಾಜು ಧಾವಿಸಿ ಬಂದ.

"ಅತ್ತಿಗೆ, ಏನಿದು?"

"ನಿನ್ನ ಮಗಳ ಜಡೆ ನಿಲ್ಲಿಸೋಳು. ದಾರಿ ಬಿಡು."

ಒಳಗೆ ಹೋದವಳೇ ನಾನು ಚುಚ್ಚಿದ ಪಿನ್ನೆಲ್ಲ ಒಂದೊಂದಾಗಿ ಕಿತ್ತಳು. "ಬಿಗಿ ಬೇರೆ ಅಜ್ಜಿ, ಗಟ್ಟಿ ಬೇರೆ" ಅಂದಳು. ಅವಳು ಬೇರೆಯವರಿಗೆ ಆ ಮಾತು ಹೇಳುವುದನ್ನು ನೂರು ಸಲ ಕೇಳಿದ್ದೆ, ನನಗೆ ಹೇಳಿದ್ದು ಅವತ್ತೇ. ಉಳಿದ ತೆಳ್ಳನೆ ಕೂದಲನ್ನು ತಲೆಗೆ ಅಂಟಿದಂತೆ ಸಣ್ಣ ಸಾಲುಗಳಾಗಿ ಹೆಣೆದಳು. ಆಮೇಲೆ ಬಾಗಿದ ಸೂಜಿ ತೆಗೆದು ಚೌರಿಯನ್ನು ಆ ಸಾಲುಗಳಿಗೇ ಹೊಲಿದಳು. ಭಾರ ಒಂದು ಕಡೆ ಬೀಳದೆ ಇಡೀ ತಲೆಗೆ ಹಂಚಿಹೋಯಿತು. ಆ ಒಂದು ಸಲ ಅವಳು ರಸ್ತೆ ನೋಡಲಿಲ್ಲ, ಮಾತಾಡಲಿಲ್ಲ, ತಲೆ ಬಿಟ್ಟು ಕಣ್ಣೆತ್ತಲಿಲ್ಲ. ಅದರ ಮೇಲೆ ನನ್ನ ಮೊಗ್ಗಿನ ಜಡೆ ಕೂರಿಸಿದೆವು. ಕಾವ್ಯಾ ತಲೆ ಕೊಡವಿ ನೋಡಿದಳು, ಬಗ್ಗಿ ನೋಡಿದಳು, ನಕ್ಕಳು. ಧಾರೆ ಆಯಿತು, ತಾಳಿ ಆಯಿತು, ಜಡೆ ಅಲ್ಲಾಡಲಿಲ್ಲ. ಫೋಟೋ ತೆಗೆಯುವಾಗ ಕಾವ್ಯಾ ಶೆರ್ಲಿಯನ್ನು ಎಳೆದು ಪಕ್ಕ ನಿಲ್ಲಿಸಿಕೊಂಡಳು.

ಮುನಿರಾಜು ಅವತ್ತೇ ಬದಲಾದ ಅಂತ ಬರೆದರೆ ಸುಳ್ಳಾಗುತ್ತೆ. ಅವಳನ್ನು ಊಟದ ಎಲೆ ಮುಂದೆ ಕೂರಿಸಿದ, ಅಷ್ಟೇ. ಖಾಲಿ ಮಾಡಿಸುವ ಮಾತು ಮಾತ್ರ ಮತ್ತೆ ಎತ್ತಲಿಲ್ಲ. ಆಮೇಲೆ ನಾಲ್ಕು ವರ್ಷ ಅವಳ ಸಾಲು, ನನ್ನ ಮೊಗ್ಗು. ಕೂದಲಿಲ್ಲದ ಹೆಣ್ಣುಗಳ ತಾಯಂದಿರು ದೊಮ್ಮಲೂರಿನಿಂದ ಕೆ.ಆರ್. ಪುರದ ತನಕ ನಮ್ಮನ್ನು ಹುಡುಕಿಕೊಂಡು ಬರುತ್ತಿದ್ದರು. ಎಲ್ಲ ಕಡೆ ಮುಂಬಾಗಿಲಿನಿಂದಲೇ ಹೋದೆವು.

ಹೋದ ವರ್ಷ ಅವಳ ತಾಯಿ ಹಾಸಿಗೆ ಹಿಡಿದರು. ಆಂಥೋನಿಗೂ ಸೊಂಟ ಸೋತು ಹಡಗು ಸಾಕಾಗಿತ್ತು. ಇಬ್ಬರೂ ಬಾರ್ಬಡೋಸಿಗೇ ಹೊರಟರು. ಹೊರಡುವ ಹಿಂದಿನ ದಿನ ಪೆಟ್ಟಿಗೆಯೆಲ್ಲ ಕಟ್ಟಿಯಾಗಿತ್ತು, ಕುರ್ಚಿಯೊಂದು ಉಳಿದಿತ್ತು. ಅವಳು ಕೂರು ಅನ್ನಲಿಲ್ಲ. ನಾನೇ ಹೋಗಿ ಕೂತೆ. ಇದ್ದ ಕೂದಲಿಗೆ ಐದು ಸಾಲು ಹಾಕಿದಳು. ನಾನು ಮುದ್ದೆ ಕೋಲು ಕೊಟ್ಟೆ. ಅವಳ ತಾಯಿ ಮನೆಯಲ್ಲಿ ಅಂಥದೇ ಇನ್ನೊಂದಿದೆ, ಆದರೂ ತೆಗೆದುಕೊಂಡಳು. ನಾನು ಹದಿನೈದು ದಿನ ತಲೆಗೆ ನೀರು ಹಾಕಿಕೊಳ್ಳಲಿಲ್ಲ. ಆಮೇಲೆ ಕಡಿತ ತಡೆಯಲಾರದೆ ಬಿಚ್ಚಿದೆ.

ಮಳಿಗೆಯಲ್ಲಿ ಈಗ ಮೊಬೈಲು ಅಂಗಡಿ. ಗೋಡೆಗೆ ಬಿಳಿ ಬಣ್ಣ ಬಿದ್ದಿದೆ. ಕಾವ್ಯಾ ಮದುವೆ ಫೋಟೋ ಮಾತ್ರ ಮುನಿರಾಜು ಮನೆ ಹಾಲಿನಲ್ಲಿ ದೊಡ್ಡದಾಗಿ ತೂಗುತ್ತಿದೆ. ಮೊನ್ನೆ ಯಾರೋ ದೂರದ ನೆಂಟರು ಅದರ ಮುಂದೆ ನಿಂತು, ಹಸಿರು ಸೀರೆಯವರು ಯಾರು ಅಂತ ಕೇಳಿದರು. ಮುನಿರಾಜು ನನ್ನ ಮುಖ ನೋಡಿದ.

"ಅತ್ತಿಗೆ ಕಡೆಯವರು" ಅಂದ.

ನಾನು ಹೂಂ ಅಂದೆ.