ಬಿಸಿಲಿಗಿಟ್ಟ ಅದಿರು

ಯುಗಾದಿಯ ಹಿಂದಿನ ದಿನ ಖಾನಾಪುರದ ನಮ್ಮ ಮನೆಯ ಹಿತ್ತಿಲಲ್ಲಿ ಮೂವರಿದ್ದೆವು: ನಾನು, ನನ್ನ ಹೆಂಡತಿ, ದೇಸೂರಿನಿಂದ ಬೆಳಗಿನ ಗಾಡಿಗೆ ಬಂದಿಳಿದಿದ್ದ ನನ್ನ ಸೋದರತ್ತೆ. ನಾನು ಕಾಲೇಜು ಓದುವಾಗ ಬೆಳಗಾವಿ ಕೋಟೆಯ ಹತ್ತಿರದ ತಮ್ಮ ಬಾಡಿಗೆ ಮನೆಯಲ್ಲಿಟ್ಟುಕೊಂಡು ಉಣ್ಣಲಿಕ್ಕೆ ಹಾಕಿದವರು ಅವರೇ. ಮುಂದೆ ನಾನು ಅದಿರಿನಿಂದ ಲೋಹ ಬಿಡಿಸುವ ಎಂಜಿನಿಯರಾಗಿ ಜಾಂಬಿಯಾ, ಘಾನಾ ಅಂತ ಗಣಿಗಣಿ ತಿರುಗಿದ್ದು ಆ ಊಟದ ಬಲದ ಮೇಲೆಯೇ.

ಆ ವರ್ಷ ಘಾನಾದ ಗಣಿ ಮುಚ್ಚಿ ಮನೆಯಲ್ಲಿ ಕೂತಿದ್ದೆ. ಪೆರುವಿನ ತಾಮ್ರದ ಗಣಿಯೊಂದರವರು ಒಂದು ಸಣ್ಣ ಚೀಲ ಪುಡಿ ಅದಿರು ಕಳಿಸಿ, ಇದರಿಂದ ಎಷ್ಟು ತಾಮ್ರ ತೆಗೆಯಬಲ್ಲಿರಿ, ಮಾಡಿ ತೋರಿಸಿ ಎಂದಿದ್ದರು. ನನ್ನ ನೌಕರಿ ಅದರ ಮೇಲೆ ನಿಂತಿತ್ತು. ಬೆಳಗಾವಿಯ ಕಾಲೇಜೊಂದು ಪ್ರಯೋಗಾಲಯ ಬಿಟ್ಟುಕೊಡಲು ಒಪ್ಪಿತ್ತು. ಆದರೆ ಚೀಲ ದಾರಿಯಲ್ಲಿ ತೇವ ಹಿಡಿದಿತ್ತು. ಇಂಥ ಅದಿರು ಜೋರು ಶಾಖಕ್ಕೆ ಕೆಡುತ್ತದೆ. ಅದಕ್ಕೇ ಅಷ್ಟನ್ನೂ ಅಗಲ ತಟ್ಟೆಯಂಥ ಪರಾತದಲ್ಲಿ ಹರವಿ, ಸಂಡಿಗೆಯ ಪಕ್ಕ ಬಿಸಿಲಿಗಿಟ್ಟು ಸ್ನಾನಕ್ಕೆ ಹೋದೆ.

ಬಂದು ನೋಡಿದರೆ ಅತ್ತೆ ಅದನ್ನೇ ಹುಣಸೆಹಣ್ಣಿನ ಜೊತೆ ಹಿಡಿಹಿಡಿ ತೆಗೆದುಕೊಂಡು ದೇವರ ಹಿತ್ತಾಳೆ ದೀಪಗಳನ್ನು ಒಗೆಯುವ ಕಲ್ಲಿನ ಮೇಲಿಟ್ಟು ತಿಕ್ಕುತ್ತಿದ್ದರು; ಪರಾತ ಬರಿದಾಗಿತ್ತು.

"ಭಾಳ ಛಲೋ ಬೂದಿ ಐತಿ ನೋಡ ತಮ್ಮಾ. ಯಾವ ಒಲೀದು?"

ಹೆಂಡತಿ ಮೆಲ್ಲಗೆ ಅಂದಳು: "ಅತ್ಯಾರ, ಅದು ಇವರ ನೌಕರಿ ಐತ್ರಿ."

"ನೌಕರೀನ ಪರಾತದಾಗ ಒಣಗಾಕ ಇಟ್ರ ನನಗ ಹೆಂಗ ತಿಳೀಬೇಕವಾ?" ಅಂದವರು ನನ್ನ ಮುಖ ನೋಡಿ ಕೈ ತೊಳೆದುಕೊಂಡರು. "ಬಳದು ಕೊಡ್ಲೇನು? ಕಲ್ಲಿನ ಮ್ಯಾಲ ಇನ್ನೂ ಐತಿ."

ಇತ್ತು, ಖರೆ. ಆದರೆ ತಿಕ್ಕಿದ ಹಿತ್ತಾಳೆಯೂ ಅದರಲ್ಲಿ ಸೇರಿತ್ತು, ಹಿತ್ತಾಳೆಯಲ್ಲಿ ತಾಮ್ರವಿತ್ತು. ಪರೀಕ್ಷೆಗಿಟ್ಟಿದ್ದರೆ ಫಲಿತಾಂಶ ಸುಳ್ಳು ಸುಳ್ಳೇ ನನ್ನ ಪರವಾಗಿ ಬರುತ್ತಿತ್ತು.

"ಬ್ಯಾಡ ಅತ್ಯಾ, ಚೆಲ್ಲಿಬಿಡ್ರಿ" ಅಂದೆ.

ಸಂಜೆ ಪೆರುವಿಗೆ ಫೋನ್ ಮಾಡಿ ಗಣಿಯ ಮುಖ್ಯಸ್ಥೆಗೆ ನಡೆದದ್ದೆಲ್ಲ ಹೇಳಿದೆ. ಆಕೆ "ದೀಪ ಹೊಳೆದವೇ?" ಎಂದು ಕೇಳಿದರು.

"ಹೊಳೆದವು. ಗೀರೂ ಬಿದ್ದಿವೆ."

"ಹಾಗಾದರೆ ಅದರಲ್ಲಿ ಗಟ್ಟಿ ಕಲ್ಲಿನ ಪುಡಿ ಜಾಸ್ತಿ. ಮೊದಲ ಪರೀಕ್ಷೆ ನಿಮ್ಮ ಅತ್ತೆಯೇ ಮುಗಿಸಿದ್ದಾರೆ. ಇನ್ನೊಂದು ಚೀಲ ಕಳಿಸುತ್ತೇನೆ."

ಬೇರೆ ಯಾರಾದರೂ ಆಗಿದ್ದರೆ ನಮಸ್ಕಾರ ಹೇಳಿ ಫೋನ್ ಇಡುತ್ತಿದ್ದರು. ಕಾಣದ ದೇಶದ ಆ ಹೆಂಗಸಿನ ದೊಡ್ಡ ಮನಸ್ಸನ್ನು ನಮ್ಮ ಮನೆಯಲ್ಲಿ ಈಗಲೂ ನೆನೆಯುತ್ತೇವೆ.

ಎರಡನೆಯ ಚೀಲ ಬಂದ ಸುದ್ದಿ ಕೇಳಿ ಅತ್ತೆ ಮತ್ತೆ ಬಂದರು. ಮತ್ತೆ ತೇವ ಹಿಡಿದು ಬಂದಿದ್ದಕ್ಕೆ ಒಣಗಲು ಹಾಕಿದ ಅದಿರಿನ ಪಕ್ಕ ಕುರ್ಚಿ ಹಾಕಿಕೊಂಡು ಮಧ್ಯಾಹ್ನದ ತನಕ ಕೂತರು. ನನ್ನ ಹೆಂಡತಿಯನ್ನೂ ಹತ್ತಿರ ಬಿಡಲಿಲ್ಲ. ಮರುದಿನ ನಾನು ಬೆಳಗಾವಿಗೆ ಹೋಗಿ ಪರೀಕ್ಷೆ ಮಾಡಿದೆ. ಮಳೆ ಹಿಡಿಯುವ ಮೊದಲೇ ಪೆರುವಿನಲ್ಲಿ ಕೆಲಸಕ್ಕೆ ಸೇರಿದೆ.