ಫುಲ್ ಕಡ್ಡಿಯ ಅಪ್ಪಾಸಾಬ

ಇಂಡಿ ಊರಿನ ಲಿಂಬೆ ವ್ಯಾಪಾರದಲ್ಲಿ ಅಪ್ಪಾಸಾಬ ದೊಡ್ಡವನಾದದ್ದು ಬುದ್ಧಿಯಿಂದಲ್ಲ, ಗಂಟಲಿನಿಂದ. ಲಿಲಾವು ಬಾಯಿಮಾತಿನಲ್ಲಿ ನಡೆಯುತ್ತಿದ್ದ ಕಾಲದಲ್ಲಿ ಅವನು ರಾಶಿಯ ಮುಂದೆ ನಿಂತು ರೇಟು ಕೂಗಿದನೆಂದರೆ, ಪಕ್ಕದವನು ಕೂಗಿದ್ದು ಪಕ್ಕದವನಿಗೇ ಕೇಳುತ್ತಿರಲಿಲ್ಲ. ಅವನಿಗಿಂತ ಹೆಚ್ಚು ಕೊಡುವವನು ಹಿಂದೆ ನಿಂತು ಬಾಯಿ ಬಡಿದುಕೊಂಡರೂ ಮಾಲು ಏರುತ್ತಿದ್ದದ್ದು ಅಪ್ಪಾಸಾಬನ ಲಾರಿಗೇ. ರೈತರು ಇದಕ್ಕೆ ದಗಲಬಾಜಿ ಅನ್ನುತ್ತಿದ್ದರು, ಅವನು ಹಿಕಮತ್ತು ಅನ್ನುತ್ತಿದ್ದ. ಮನೆಯಲ್ಲೂ ಅದೇ ಹಿಕಮತ್ತು. ಹೆಂಡತಿ ಗುಂಡವ್ವ ಏನೋ ಹೇಳಲು ಬಾಯಿ ತೆರೆದರೆ ಸಾಕು, ಇವನ ಪುರಾಣ ಶುರುವಾಗಿ ತಾಟಿನ ರೊಟ್ಟಿ ಒಣಗಿ ಕಟಕಾಗುತ್ತಿತ್ತು. ಅವಳು ಹೇಳಬೇಕೆಂದಿದ್ದ ಮಾತು ಅಲ್ಲಿಗೇ ಮುಗಿಯುತ್ತಿತ್ತು.

ಇಂಥವನ ದುರ್ದೈವಕ್ಕೆ ಲಿಲಾವು ಮೊಬೈಲಿಗೆ ಬಂತು. ಊರ ಹೊರಗೆ ಕೆಲವು ಬೆಳೆಗಾರರು ಸೇರಿ ಕಟ್ಟಿಕೊಂಡಿದ್ದ ಲಿಂಬೆ ಅಂಗಳ ಅದು. ಮುಂಜಾನೆ ಖರೀದಿದಾರರು ರಾಶಿ ನೋಡಬೇಕು, ಗಂಟೆ ಬಾರಿಸುವುದರೊಳಗೆ ಮೊಬೈಲಿನಲ್ಲಿ ರೇಟು ಹಾಕಬೇಕು, ಹೆಚ್ಚು ಹಾಕಿದವರಿಗೆ ಮಾಲು. ಮನೆಯಲ್ಲಿ ಮಲಗಿಕೊಂಡು ಮಾಲು ನೋಡದೆ ಯಾರೂ ರೇಟು ಹಾಕಬಾರದೆಂದು ಅಂಗಳದ ವೈಫೈಯಿಂದ ಬಂದ ರೇಟನ್ನು ಮಾತ್ರ ಕಂಪ್ಯೂಟರು ತೆಗೆದುಕೊಳ್ಳುತ್ತಿತ್ತು. ವೈಫೈ ಇದ್ದದ್ದು ನಡುವಿನ ದೊಡ್ಡ ಕೋಣೆಯಾದ ಹಾಲಿನಲ್ಲಿ, ಅಲ್ಲಿ ಎಲ್ಲರಿಗೂ ಸೇರಿ ಒಂದೇ ಉದ್ದನೆಯ ಬೆಂಚು.

ಆ ಬೆಂಚು ಅಪ್ಪಾಸಾಬನಿಗೆ ಮುಳ್ಳಿನ ಹಾಸಿಗೆಯಾಯಿತು. ಅದರ ಮೇಲೆ ಕಸ್ತೂರೆವ್ವ ಕೂರುತ್ತಿದ್ದಳಲ್ಲ! ಮೊನ್ನೆ ಮೊನ್ನೆ ಖರೀದಿಗೆ ಇಳಿದ ಹೆಣ್ಣುಮಗಳು, ಮಾತು ಕಡಿಮೆ, ಲೆಕ್ಕ ಗಟ್ಟಿ. ಅಪ್ಪಾಸಾಬನಂಥ ಅಪ್ಪಾಸಾಬ ಅವಳ ಸಾಲಿನಲ್ಲಿ ಕೂತು ಬೆರಳಿನಿಂದ ಮೊಬೈಲಿನ ಗಾಜು ತಿಕ್ಕುವುದೇ? ಅಂಗಳದ ಅಂಚಿನ ತನ್ನ ಅಂಗಡಿಯ ಗಾದಿಯ ಮೇಲೆ ಕೂತೇ ರೇಟು ಹಾಕುತ್ತೇನೆಂದು ಬಾಗೇವಾಡಿಗೆ ಹೋಗಿ ಒಂದು ಬೂಸ್ಟರ್ ತಂದ. ಹಾಲಿನ ವೈಫೈ ಹೇಳಿದ್ದನ್ನು ಕೇಳಿಸಿಕೊಂಡು ಮತ್ತೊಮ್ಮೆ ಜೋರಾಗಿ ಕೂಗುವ, ಆರು ಕೋಡಿನ ಪೆಟ್ಟಿಗೆ. ಅದನ್ನು ಚಾವಣಿಯ ತಗಡಿನ ಮೇಲೆ ಕೂರಿಸಿದ್ದೇ ಮೊಬೈಲಿನಲ್ಲಿ ಸಿಗ್ನಲ್ಲಿನ ಫುಲ್ ಕಡ್ಡಿ ಎದ್ದವು. ಚಹಾಕ್ಕೆ ಬಂದವರಿಗೆಲ್ಲ ಮೊದಲು ಆ ಕಡ್ಡಿಗಳ ದರ್ಶನ, ಆಮೇಲೆ ಚಹಾ.

ಅವನು ತಂದ ಮೇಲೆ ಉಳಿದವರು ತರದಿದ್ದರೆ ಮಾನ ಉಳಿಯುವುದುಂಟೇ? ತಿಂಗಳು ತುಂಬುವುದರೊಳಗೆ ಎಲ್ಲ ಅಂಗಡಿಗಳ ತಗಡಿನ ಮೇಲೂ ಕೋಡು ಮೂಡಿ, ಎಮ್ಮೆ ಸಂತೆ ನೆರೆದಂತಾಯಿತು. ಅಲ್ಲಿಂದ ಶುರುವಾಯಿತು ನೋಡಿ ಪೀಡೆ. ರೇಟು ಹಾಕಿ ಒತ್ತಿದರೆ ಮೊಬೈಲಿನಲ್ಲಿ ಚಕ್ರ ತಿರುಗುತ್ತದೆ, ತಿರುಗುತ್ತಲೇ ಇರುತ್ತದೆ.

ಕೊನೆಗೆ ಸಂಘಮಿತ್ರಾಳನ್ನು ಕರೆಸಿದರು. ವಿಜಯಪುರದ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವಳು, ಅಂಗಳಕ್ಕೆ ವೈಫೈ ಹಾಕಿಕೊಟ್ಟವಳೂ ಅವಳೇ. ಎಲ್ಲರನ್ನೂ ಹಾಲಿನಲ್ಲಿ ಕೂರಿಸಿ ಮಕ್ಕಳಿಗೆ ಹೇಳುವಂತೆ ಹೇಳಿದಳು. ವೈಫೈ ಅನ್ನುವುದು ಯಾವನೋ ಒಬ್ಬನ ಸೊತ್ತಲ್ಲ, ಜಗತ್ತಿನ ಕಂಪನಿಗಳೆಲ್ಲ ಒಪ್ಪಿಕೊಂಡ ಒಂದು ಕಟ್ಟಳೆ, ಅದಕ್ಕೇ ಯಾವ ಕಂಪನಿಯ ಮೊಬೈಲಾದರೂ ಯಾವ ಕಂಪನಿಯ ಪೆಟ್ಟಿಗೆಯ ಜತೆಗಾದರೂ ಮಾತಾಡುತ್ತದೆ. ಆ ಕಟ್ಟಳೆಯ ಮೊದಲ ಮಾತು, ಮಾತಾಡುವ ಮುಂಚೆ ಕೇಳಿಸಿಕೋ. ಒಂದು ದಾರಿಯಲ್ಲಿ ಒಂದು ಸಲಕ್ಕೆ ಒಂದೇ ದನಿ. ಬೇರೆ ಯಾವುದೋ ಮಾತಾಡುತ್ತಿದ್ದರೆ ಉಳಿದವು ಸುಮ್ಮನಿರಬೇಕು. ಅದು ಮುಗಿದ ಮೇಲೂ ಎಲ್ಲವೂ ಒಮ್ಮೆಗೇ ಮೈಮೇಲೆ ಬೀಳದಂತೆ ಪ್ರತಿಯೊಂದೂ ಚೀಟಿ ಎತ್ತಿದ ಹಾಗೆ ತನಗೆ ಬಂದಷ್ಟು ಹೊತ್ತು ತಡೆದು ಬಾಯಿ ತೆರೆಯಬೇಕು. ಎರಡು ಒಟ್ಟಿಗೆ ಕೂಗಿದರೆ ಎರಡರ ಮಾತೂ ಕೆಡುತ್ತದೆ. ‘ಮುಟ್ಟಿತು’ ಎಂಬ ಉತ್ತರ ಬರದಿದ್ದಾಗ ಮೊದಲಿಗಿಂತ ಹೆಚ್ಚು ಹೊತ್ತು ತಡೆದು ಮತ್ತೆ ಹೇಳಬೇಕು. ಈಗ ಬೂಸ್ಟರುಗಳು ಏನು ಮಾಡುತ್ತಿವೆ? ಹಾಲಿನ ವೈಫೈಯ ದಾರಿಯಲ್ಲೇ ನಿಂತು ಒಂದೊಂದು ಮಾತನ್ನೂ ಎರಡೆರಡು ಸಲ ಕೂಗುತ್ತಿವೆ. ದಾರಿ ಖಾಲಿಯಾಗುವುದೇ ಇಲ್ಲ, ಮೊಬೈಲುಗಳಿಗೆ ಪಾಳಿ ಬರುವುದೇ ಇಲ್ಲ. ಪೆಟ್ಟಿಗೆಗಳನ್ನು ಇಳಿಸಿರಿ, ಇಲ್ಲದಿದ್ದರೆ ಹಾಲಿಗೆ ಬಂದು ‘ಅಂಗಳ ಐದು’ ಎಂಬ ಹೆಸರನ್ನು ಹಿಡಿಯಿರಿ, ಅದು ಬೇರೆ ದಾರಿ, ದೂರ ಹೋಗುವುದಿಲ್ಲ, ಆದರೆ ಈ ಕೋಡುಗಳ ಕಾಟ ಅಲ್ಲಿಗಿಲ್ಲ ಎಂದಳು.

ಅಪ್ಪಾಸಾಬ ಎದ್ದು ನಿಂತು ಮೊಬೈಲನ್ನು ಅವಳ ಮುಖಕ್ಕೆ ಹಿಡಿದ. "ನೋಡ ತಂಗಿ, ನನ್ನ ಪೆಟಗೀದು ಫುಲ್ ಕಡ್ಡಿ. ನನ್ನ ಗಾದಿ ಮ್ಯಾಲ ನಿನ್ನ ಐದರದು ಎರಡ ಕಡ್ಡಿ. ಯಾವದು ಜೋರು, ನೀನ ಹೇಳು."

"ಕಾಕಾ, ಪೆಟಗಿ ಒದರಿದ್ದು ನಿಮ್ಮ ಮೊಬೈಲಿಗೆ ಎಷ್ಟ ಕೇಳಸ್ತೈತಿ ಅನ್ನೂದನ್ನ ಅಷ್ಟ ಕಡ್ಡಿ ತೋರಸ್ತಾವು," ಎಂದಳು ಸಂಘಮಿತ್ರಾ. "ನಿಮ್ಮ ಮಾತು ಆ ಕಡೆ ಮುಟ್ಟತೈತೋ ಇಲ್ಲೋ, ಅದನ್ನ ಕಡ್ಡಿ ಹೇಳೂದಿಲ್ರಿ."

ಅಪ್ಪಾಸಾಬ ನಕ್ಕ. ಅವನು ನಕ್ಕನೆಂದು ಉಳಿದವರೂ ನಕ್ಕರು. ಕಸ್ತೂರೆವ್ವ ಒಬ್ಬಳು ನಗದೆ ತನ್ನ ಮೊಬೈಲನ್ನು ಸಂಘಮಿತ್ರಾಳ ಕೈಗೆ ಕೊಟ್ಟು ಐದನ್ನು ಹಚ್ಚಿಸಿಕೊಂಡಳು. ಕೋಣನ ಮುಂದೆ ಕಿನ್ನರಿ ಬಾರಿಸಿದ್ದು ಸಾಕೆಂದು ಸಂಘಮಿತ್ರಾ ಬಸ್ಸು ಹತ್ತಿದಳು. ಅಪ್ಪಾಸಾಬ ಮರುದಿನವೇ ತನ್ನ ಪೆಟ್ಟಿಗೆಗೆ ಇನ್ನೂ ಜೋರು ಮಾಡುವ ಮತ್ತೊಂದು ಡಬ್ಬಿ ಜೋಡಿಸಿದ.

ಬಿಸಿಲು ಏರಿ ಲಿಂಬೆಗೆ ಬೆಲೆ ಬಂದ ಹೊತ್ತಿಗೆ ಸೊಲ್ಲಾಪುರದ ಉಪ್ಪಿನಕಾಯಿ ಕಾರ್ಖಾನೆಯಿಂದ ಅಪ್ಪಾಸಾಬನಿಗೆ ಮಾತು ಬಂತು. ಸೋಮವಾರ ಲಾರಿ ಕಳಿಸುತ್ತೇವೆ, ತುಂಬಿ ಬಂದರೆ ವರ್ಷವಿಡೀ ನಿನ್ನ ಕೈಯಿಂದಲೇ ಮಾಲು, ಇಲ್ಲವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ. ಕಾರ್ಖಾನೆ ಕೈತಪ್ಪಿದರೆ ಅಪ್ಪಾಸಾಬನ ಹತ್ತಿರ ಉಳಿಯುವುದು ಗಂಟಲು ಒಂದೇ. ಸೋಮವಾರ ಮುಂಜಾನೆ ಲಾರಿ ಚಾಲಕ ಗೈಬುಸಾಬ ಅವನ ಅಂಗಡಿಯ ಮುಂದೆ ಗಾಡಿ ಹಚ್ಚಿ ನಿಂತ. ಅಂಗಳದಲ್ಲಿ ಎಲ್ಲಕ್ಕಿಂತ ದೊಡ್ಡ ರಾಶಿ ಮೋರಟಗಿಯ ಮರೆವ್ವನದು, ಹಳದಿ ತಿರುಗಿದ, ತೆಳು ಸಿಪ್ಪೆಯ ಹಣ್ಣು. ಅಪ್ಪಾಸಾಬ ಎರಡು ಹಣ್ಣು ಹಿಚುಕಿ ನೋಡಿ, ಇದಕ್ಕೆ ಇಂಡಿಯಲ್ಲಿ ಯಾರೂ ಕೊಡದ ರೇಟು ಹಾಕುತ್ತೇನೆಂದು ಹತ್ತು ಮಂದಿಗೆ ಕೇಳುವಂತೆ ಹೇಳಿದ. ಅದು ಸುಳ್ಳಲ್ಲ. ಗಾದಿಗೆ ಬಂದು ಅಷ್ಟನ್ನೇ ಹಾಕಿದ, ಒತ್ತಿದ.

ಚಕ್ರ ತಿರುಗಿತು. ಕಡ್ಡಿ ಫುಲ್. ಮತ್ತೆ ಒತ್ತಿದ. ಅವತ್ತು ಮಾಲು ಚೆನ್ನಾಗಿತ್ತೆಂದು ಎಲ್ಲ ಅಂಗಡಿಗಳಲ್ಲೂ ಒತ್ತುವವರೇ, ಎಲ್ಲ ತಗಡಿನ ಮೇಲೂ ಒದರುವ ಪೆಟ್ಟಿಗೆಗಳೇ. ಆ ಬೆಂಚಿನ ಹಾಲು ಏನು ಸೊಲ್ಲಾಪುರದಲ್ಲಿತ್ತೇ? ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರೆ ಅಗಿಯುವುದರೊಳಗೆ ಮುಟ್ಟಬಹುದಿತ್ತು. ಅಪ್ಪಾಸಾಬ ಎದ್ದ, ಚಪ್ಪಲಿ ಮೆಟ್ಟಿದ, ಹಾಲಿನ ಕಿಟಕಿಯಲ್ಲಿ ಕಸ್ತೂರೆವ್ವನ ತಲೆ ಕಂಡಿತು. ತಾನು ಓಡಿ ಹೋಗಿ ಅವಳ ಬೆಂಚಿನ ತುದಿಯಲ್ಲಿ ಕೂರುವುದನ್ನು ಊರು ನೋಡುತ್ತದೆ. ಚಪ್ಪಲಿ ಬಿಚ್ಚಿ ಮತ್ತೆ ಗಾದಿಯ ಮೇಲೆ ಕೂತ. ಗಂಟೆ ಬಾರಿಸಿತು.

ಮರೆವ್ವನ ರಾಶಿ ಐದನ್ನು ಹಚ್ಚಿಸಿಕೊಂಡಿದ್ದ ಕಸ್ತೂರೆವ್ವನ ಪಾಲಾಯಿತು, ಅದೂ ಅಪ್ಪಾಸಾಬ ಹಾಕಿದ್ದಕ್ಕಿಂತ ಕಡಿಮೆ ರೇಟಿಗೆ. ಉಳಿದ ಒಳ್ಳೆಯ ರಾಶಿಗಳೂ ಅವಳವೇ. ಮರೆವ್ವ ಖಾಲಿ ಚೀಲವನ್ನು ಹೆಗಲಿಗೆ ಹಾಕಿಕೊಂಡು ನೇರ ಅವನ ಅಂಗಡಿಗೆ ಬಂದಳು. ಮಂದಿಯ ಮುಂದೆ ಹೇಳಿದ ಮಾತಿಗೆ ಹೀಗೆ ಟೋಪಿ ಹಾಕುವುದೇ ಎಂದು ಕೇಳಿದಳು. ಅಪ್ಪಾಸಾಬ ದೇವರಾಣೆ ಹಾಕಿ ಮೊಬೈಲು ತೋರಿಸಿದ, ನೋಡು, ಹಾಕಿದ್ದೇನೆ, ಇಲ್ಲೇ ಇದೆ. ಅವಳು ನೋಡಿದಳು, ತನಗೆ ಬರಬೇಕಾಗಿದ್ದ ರೇಟು ಅವನ ಅಂಗೈಯಲ್ಲಿ ಗರಗರ ತಿರುಗುತ್ತಿತ್ತು.

ಅಷ್ಟರಲ್ಲಿ ಗೈಬುಸಾಬನಿಗೆ ಸೊಲ್ಲಾಪುರದಿಂದ ಫೋನು ಬಂತು. ಮಾಲು ಯಾರ ಹತ್ತಿರವಿದೆಯೋ ಅವರಿಗೇ ಗಾಡಿ ಹಚ್ಚು ಎಂದರಂತೆ. ಅವನು ಲಾರಿ ಹಿಂದಕ್ಕೆ ತೆಗೆದು ಕಸ್ತೂರೆವ್ವನ ಅಂಗಡಿಯತ್ತ ತಿರುಗಿಸಿದ. ಅಪ್ಪಾಸಾಬ ಬೀದಿಗೆ ಬಂದು ನಿಲ್ಲೋ ಎಂದು ಕೂಗಿದ. ಗೈಬುಸಾಬನಿಗೆ ಚೆನ್ನಾಗಿಯೇ ಕೇಳಿಸಿತು, ಮರ್ಯಾದೆಯಿಂದ ಕೈ ಎತ್ತಿ ಸಲಾಮು ಮಾಡಿ ಗಾಡಿ ನಡೆಸಿಕೊಂಡು ಹೋದ.

ಅಪ್ಪಾಸಾಬ ಒಳಗೆ ಬಂದವನೇ ಬೂಸ್ಟರಿನ ವಾಯರನ್ನು ಗೋಡೆಯಿಂದ ಕಿತ್ತು ಬಿಸಾಕಿದ. ಮೊಬೈಲಿನ ಕಡ್ಡಿಗಳು ಸರ್ರನೆ ಇಳಿದು ಒಂದೇ ಒಂದು ಉಳಿಯಿತು, ಹಾಲಿನ ವೈಫೈಯದು. ಗಂಟೆ ಆದ ಮೇಲೆ ಅಂಗಳದಲ್ಲಿ ಯಾರೂ ಒತ್ತುತ್ತಿರಲಿಲ್ಲ, ದಾರಿ ಖಾಲಿಯಿತ್ತು. ಮೊಬೈಲು ಟಿಣ್ ಎಂದಿತು. ನಿಮ್ಮ ದರ ತಲುಪಿದೆ, ಅವಧಿ ಮುಗಿದಿದೆ.

ಏನು ಬಂತೆಂದು ಮರೆವ್ವ ಕೇಳಿದಳು.

"ಮುಟ್ಟೇತಿ," ಎಂದ, ಅವಳಿಗೆ ಕೇಳಿಸಿತೋ ಇಲ್ಲವೋ ಎನ್ನುವಷ್ಟು ಸಣ್ಣ ದನಿಯಲ್ಲಿ. "ನನ್ನ ರೇಟು ಈಗ ಮುಟ್ಟೇತಿ."

ಮರೆವ್ವ ಚೀಲದ ಧೂಳು ಕೊಡವಿದಳು. "ಹಂಗಾರ ಉಪ್ಪು ಖಾರ ಬೆರಸಿ ಭರಣಿಗಿ ಹಾಕಿ ಇಟಗೋರಿ ಸಾವಕಾರ್ರ," ಎಂದು, ಬಂದಷ್ಟು ರೊಕ್ಕ ತೆಗೆದುಕೊಳ್ಳಲು ಕಸ್ತೂರೆವ್ವನ ಅಂಗಡಿಗೆ ಹೋದಳು.