ಬೀಸುಕಲ್ಲಿನ ಮುಂದೆ ಕಲಿಸಿದ ಸಾಕ್ಷಿ

ಎಮ್ಮಿಗನೂರಿನ ವಿರುಪಮ್ಮನ ಬಾಯಿ ಎಂಥದ್ದು ಅಂತ ಕಂಪ್ಲಿ ಸಂತೆಯವರನ್ನು ಕೇಳಬೇಕು. ಕಾಯಿಪಲ್ಲೆ ಮಾರುವವರೂ ಅವಳ ಜೊತೆ ಚೌಕಾಸಿಗೆ ಇಳಿಯುತ್ತಿರಲಿಲ್ಲ. ಅಂಥವಳ ಹೊಟ್ಟೆಯಲ್ಲಿ ಪಂಪಮ್ಮ ಹೇಗೆ ಹುಟ್ಟಿದಳೋ, ದೇವರೇ ಬಲ್ಲ. ಮನೆಯೊಳಗೆ ಅರಳು ಹುರಿದಂತೆ ಮಾತಾಡುವ ಹುಡುಗಿ, ಹೊರಗಿನವರು ಹೊಸ್ತಿಲು ತುಳಿದರೆ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದಳು.

ಆಗಿನ್ನೂ ನಮ್ಮ ಸೀಮೆಗೆ ಮದ್ರಾಸಿನ ಸರ್ಕಾರ. ಆ ವರ್ಷ ತೋಟಪ್ಪನ ಬೆಲ್ಲದ ಗಾಣದ ಮನೆಗೆ ಹಾಡಹಗಲೇ ಬೆಂಕಿ ಬಿತ್ತು. ಕಾಲುವೆ ನೀರಿನ ಪಾಳಿಗಾಗಿ ಹಿಂದಿನ ದಿನವಷ್ಟೇ ವಿರುಪಮ್ಮನ ಗಂಡ ಭರಮಣ್ಣ ಅವನ ಜೊತೆ ಕೈ ಕೈ ಮಿಲಾಯಿಸಿದ್ದ. ಅಷ್ಟು ಸಾಕಾಯಿತು. ಭರಮಣ್ಣನೇ ಕೊಳ್ಳಿ ಇಟ್ಟದ್ದು, ಕಣ್ಣಾರೆ ಕಂಡೆವು ಅಂತ ತೋಟಪ್ಪನ ಆಳುಗಳು ಆಣೆ ಮಾಡಿದರು. ಪಾಪ, ಆ ಹೊತ್ತಿಗೆ ಅವನು ಜ್ವರ ಬಂದು ಕಂಬಳಿ ಹೊದ್ದು ಮಲಗಿದ್ದ. ವಿರುಪಮ್ಮ ನಾಟಿಗೆ ಹೋಗಿದ್ದಳು. ತಲೆಯ ಹತ್ತಿರ ಕೂತು ಗಂಜಿ ಕುಡಿಸಿದವಳು ಪಂಪಮ್ಮ ಒಬ್ಬಳೇ. ಜಮಾದಾರ ಬಂದು ಕೇಳಿದರೆ ಆ ಕೂಸು ಅವ್ವನ ಸೀರೆಯಲ್ಲಿ ಮುಖ ಮುಚ್ಚಿಕೊಂಡು ನಿಂತಲ್ಲೇ ಉಚ್ಚೆ ಹೊಯ್ದುಕೊಂಡಿತು.

"ಹುಡುಗಿ ಕೋರ್ಟಿನಾಗ ಬಾಯಿ ಬಿಟ್ಟರ ಭರಮಣ್ಣ ಉಳೀತಾನ" ಅಂದರು ಹೊಸಪೇಟೆಯ ವಕೀಲರು.

ವಿರುಪಮ್ಮ ಹಟಕ್ಕೆ ಬಿದ್ದಳು. ಮುಂಜಾನೆ ಜೋಳ ಬೀಸುವಾಗ ಮಗಳನ್ನು ಎದುರಿಗೆ ಕೂರಿಸಿ ಕಲ್ಲಿನ ಗೂಟ ಹಿಡಿಸಿದಳು. ಕಲ್ಲು ತಿರುಗುವಾಗ ಎಂಥ ಹೆಣ್ಣಿನ ಬಾಯಿಯಾದರೂ ತೆರೆಯುತ್ತದೆ; ಅತ್ತೆಯ ಮೇಲಿನ ಸಿಟ್ಟು, ತವರಿನ ನೆನಪು ಎಲ್ಲ ಹಾಡಾಗಿ ಹೊರಬೀಳುವುದು ಅಲ್ಲೇ. "ಅಪ್ಪಗ ಜ್ವರಾ ಬಂದಿತ್ತು, ನಾ ಗಂಜಿ ಕುಡಿಸಿದೆ, ಅಪ್ಪ ಹೊರಗ ಹೋಗಲಿಲ್ಲ." ಹುಡುಗಿ ರಾಗವಾಗಿ ಹೇಳಿದಳು. ಆಮೇಲೆ ವಿರುಪಮ್ಮ ನೆರೆಮನೆಯ ನಿಂಗಕ್ಕನನ್ನು ಕರೆದು ಕೂರಿಸಿದಳು. ಪಂಪಮ್ಮ ಕಲ್ಲನ್ನೇ ನೋಡುತ್ತ ಹೇಳಿದಳು. ಬರಬರುತ್ತ ಓಣಿಯ ಹೆಂಗಸರೆಲ್ಲ ಬಂದು ಸುತ್ತ ಕೂತರೂ ದನಿ ನಡುಗಲಿಲ್ಲ.

"ಕಂಡದ್ದು ಹೇಳಾಕ ಯಾಕ ಅಂಜ್ತಿ? ಖರೇ ಹೇಳು, ಗಟ್ಟಿಯಾಗಿ ಹೇಳು" ಅನ್ನುತ್ತಿದ್ದಳು ವಿರುಪಮ್ಮ.

ಕೋರ್ಟಿನಲ್ಲಿ ಎತ್ತರದ ಕುರ್ಚಿಯ ಮೇಲೆ ಸಾಹೇಬರು, ಸುತ್ತ ಕರಿ ಕೋಟಿನವರು. ಪಂಪಮ್ಮ ಕಣ್ಣು ತಗ್ಗಿಸಿದಳು. ಬಲಗೈ ತಾನಾಗಿ ಗಾಳಿಯಲ್ಲಿ ಸುತ್ತತೊಡಗಿತು. ಅದೇ ರಾಗ, ಅದೇ ಮಾತು, ಒಂದಕ್ಷರ ಬಿಡದೆ ಒಪ್ಪಿಸಿದಳು.

ತೋಟಪ್ಪನ ಕಡೆಯ ವಕೀಲ ನಗುತ್ತ ಎದ್ದ. "ಭಾಳ ಚಂದ ಹೇಳಿದಿ, ತಂಗಿ. ಯಾರು ಕಲಿಸಿದರು?"

ಪಂಪಮ್ಮ ತಲೆ ಎತ್ತಿದಳು. ಸುತ್ತುತ್ತಿದ್ದ ಕೈ ನಿಂತಿತು. ರಾಗವಿಲ್ಲದೆ, ಅವನ ಮುಖ ನೋಡಿಕೊಂಡೇ, ಕೋರ್ಟಿಗೆಲ್ಲ ಕೇಳುವ ಹಾಗೆ ಹೇಳಿದಳು: "ನಮ್ಮವ್ವ ಕಲಿಸ್ಯಾಳ್ರಿ. ದಿನಾ ಕಲಿಸ್ಯಾಳ."

ವಿರುಪಮ್ಮನಿಗೆ ನಾ ಕಲಿಸಿದ್ದು ಧೈರ್ಯಾರೀ, ಸುಳ್ಳಲ್ಲ, ಅಂತ ಕೂಗಬೇಕೆನ್ನಿಸಿತು. ಬಾಯಿ ತೆರೆಯುವಷ್ಟರಲ್ಲಿ ಜವಾನ ಗದರಿಸಿ ಕೂರಿಸಿದ. ಹೇಳಿಕೊಟ್ಟ ಸಾಕ್ಷಿ ನಡೆಯುವುದಿಲ್ಲ ಅಂತ ಸಾಹೇಬರು ಇಂಗ್ಲಿಷಿನಲ್ಲಿ ಅಂದರು, ಹುಡುಗಿಗೆ ತಿಳಿಯಲಿಲ್ಲ. ಭರಮಣ್ಣನಿಗೆ ಜೈಲಾಯಿತು.

ವಾಪಸು ಬರುವಾಗ ಬಂಡಿಯಲ್ಲಿ ಪಂಪಮ್ಮ ಹಿಗ್ಗಿ ಹೀರೇಕಾಯಿ ಆಗಿದ್ದಳು. "ಅವ್ವಾ, ನಾ ಅಂಜಲಿಲ್ಲ ನೋಡು. ಅಪ್ಪನ್ನ ಯಾವಾಗ ಬಿಡ್ತಾರ?"

"ಸರ್ಕಾರದ ಕೆಲಸ, ತಡಾ ಆಗ್ತೈತಿ. ನೀ ಚಲೋ ಹೇಳಿದಿ, ಮಗಳ."

ಊರಿಗೆ ಬಂದವಳೇ ವಿರುಪಮ್ಮ ಮನೆ ಮನೆ ತಿರುಗಿದಳು. "ನನ್ನ ಮಗಳ ಮಾತಿಗೇ ಕೇಸು ಕೆಟ್ಟಿತು ಅಂತ ಅಕಿ ಮುಂದ ಯಾರರ ಆಡಿದ್ರ, ನಿಮ್ಮ ಮನಿ ನೀರು ಮುಟ್ಟಂಗಿಲ್ಲ." ಅವಳ ಬಾಯಿಗೆ ಹೆದರಿಯೋ, ಮರುಕಕ್ಕೋ, ಯಾರೂ ಆಡಲಿಲ್ಲ.

ಶಿಕ್ಷೆ ಮುಗಿಸಿ ಭರಮಣ್ಣ ಬಂದ ದಿನ, ವಿರುಪಮ್ಮ ಅವನನ್ನು ಊರ ಹೊರಗೇ ತಡೆದು, ಮಗಳಿಗೆ ಏನು ಹೇಳಬೇಕು ಅಂತ ಹೇಳಿಕೊಟ್ಟಳು. ತಿರುಗಿ ಹೇಳುವಾಗ ಅವನು ತಪ್ಪಿದ. ಮತ್ತೆ ಹೇಳಿಸಿದಳು. ಎಲುಬಿನ ಗೂಡಾಗಿದ್ದ ಆ ಮನುಷ್ಯ ಮನೆಗೆ ಬಂದು ಮಗಳ ತಲೆ ಮೇಲೆ ಕೈಯಿಟ್ಟು, ಹೇಳಿಕೊಟ್ಟಂತೆಯೇ ಅಂದ: "ನೀ ಧೈರ್ಯ ಮಾಡಿ ಮಾತಾಡಿದ್ದಕ್ಕ ನನ್ನ ಬಿಟ್ರು, ಮಗಳ."

ಪಂಪಮ್ಮ ನಂಬಿದಳು.